ಗೆಂಟ್ ಊರಿನ ಅರಗಿನ ಕಂಡಕ್ಟರ್

ಬ್ರಸೆಲ್ಸ್

ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಪಕ್ಕಕ್ಕೆ ಕರೆದು ನಿಲ್ಲಿಸಿದ್ದು ಮರದ ತುಂಡುಗಳಿಗಾಗಿ. ನಮ್ಮ ಪೆಟ್ಟಿಗೆಯಲ್ಲಿ ಉಳಿಗಳಿದ್ದವು, ಕೆಂಪು, ಹಳದಿ, ಹಸಿರು ಅರಗಿನ ಕಡ್ಡಿಗಳಿದ್ದವು, ಹೊಳಪು ಕೊಡಲು ಒಣಗಿಸಿದ ತಾಳೆಗರಿಯ ಕಟ್ಟಿತ್ತು, ಮೂರು ಕೆಜಿ ರಾಗಿ ಹಿಟ್ಟಿತ್ತು. ಉಳಿಗಳ ಬಗ್ಗೆ ಅಧಿಕಾರಿ ಏನೂ ಕೇಳಲಿಲ್ಲ. ಅರಗಿನ ಕಡ್ಡಿಯೊಂದನ್ನು ಮೂಗಿಗೆ ಹಿಡಿದು ನೋಡಿ ವಾಪಸ್ ಇಟ್ಟರು. ರಾಗಿ ಹಿಟ್ಟಿನ ಚೀಲವನ್ನು ಒಮ್ಮೆ ಅಮುಕಿ ಬಿಟ್ಟರು. ಬೊಂಬೆ ಕಡೆಯಲು ತಂದ ಆಲೆ ಮರದ ಹದಿನೆಂಟು ತುಂಡುಗಳನ್ನು ಮಾತ್ರ ಒಂದೊಂದಾಗಿ ಎಣಿಸಿ ತೆಗೆದುಕೊಂಡರು. ಹುಳ ಇದೆಯೇ ಎಂದು ಪರೀಕ್ಷೆ ಮಾಡಿಸಿ, ಒಂದು ವಾರದ ನಂತರ ಕಳಿಸಿಕೊಡುತ್ತಾರಂತೆ. ಚೀಟಿಯೊಂದಕ್ಕೆ ಸಹಿ ಹಾಕಿಸಿಕೊಂಡರು.

ನಾನು ವಿಷಯ ತಿಳಿಸಿದಾಗ ಚೌಡಣ್ಣ ಆ ಅಧಿಕಾರಿಯ ಮುಖವನ್ನೇ ನೋಡುತ್ತಾ ನಿಂತರು.

"ನಲವತ್ತು ವರ್ಸದಿಂದ ನಾನ್ ಅದ್ನೇ ನೋಡ್ಕಂಡ್ ಬಂದಿವ್ನಿ. ಹುಳ ಇದ್ರೆ ನಾನ್ ತತ್ತಿದ್ನಾ ಅಂತ ಕೇಳವ್ವ ಅವ್ರನ್ನ."

ನಾನು ಕೇಳಲಿಲ್ಲ. ನನ್ನ ಇಂಗ್ಲಿಷ್ ಅಷ್ಟು ದೂರ ಹೋಗುತ್ತಿರಲಿಲ್ಲ.

ಚೌಡಪ್ಪ, ನಮ್ಮೆಲ್ಲರ ಬಾಯಲ್ಲಿ ಚೌಡಣ್ಣ, ಚನ್ನಪಟ್ಟಣದಲ್ಲಿ ಮರ ತಿರುಗಿಸಿ ಬೊಂಬೆ ಕಡೆಯುವ ಲೇತ್ ಇಟ್ಟುಕೊಂಡಿರುವವರು. ಆಗ ಅವರಿಗೆ ಅರವತ್ತು ದಾಟಿತ್ತು. ನಾನು ಹೊಂಗನೂರಿನವಳು. ಮನೆಯಲ್ಲಿ ರೇಷ್ಮೆ ಸಾಕಣೆಯಿದ್ದರೂ ಹತ್ತು ವರ್ಷದಿಂದ ದಿನಾ ಬಸ್ಸಿನಲ್ಲಿ ಹೋಗಿ ಅವರ ಬಳಿ ಕೆಲಸ ಮಾಡುತ್ತಿದ್ದೆ. ಮಣಿ, ಗಿಲಕಿ, ಬುಗುರಿ, ಬಳೆ, ಇವು ನನ್ನ ಪಾಲು. ಕಣ್ಣು ಮೂಗು ಇರುವ ಬೊಂಬೆ ಯಾವುದಿದ್ದರೂ ಚೌಡಣ್ಣನದು. ಹಾಗೆಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಮೊದಲಿನಿಂದ ಹಾಗೆಯೇ ನಡೆದುಬಂದಿತ್ತು. ಬೆಲ್ಜಿಯಂ ದೇಶದ ಗೆಂಟ್ ಎಂಬ ಊರಿನಲ್ಲಿ ಮೂರು ವಾರ ನಡೆಯುವ ಕೈಕೆಲಸಗಳ ಪ್ರದರ್ಶನಕ್ಕೆ ಆಹ್ವಾನ ಬಂದದ್ದೂ ಅವರಿಗೇ. ಪಿಯುಸಿ ಓದಿದ್ದೇನೆಂಬ ಕಾರಣಕ್ಕೆ ನನ್ನನ್ನು ಜೊತೆಗೆ ಸೇರಿಸಿದ್ದರು.

ಬಾಗಿಲು ಮುಚ್ಚಿದ ಗಿರಣಿ

ನಾವು ಊರು ಬಿಟ್ಟಾಗ ಮೈಸೂರು ರಸ್ತೆಯನ್ನು ಅಗಲ ಮಾಡುತ್ತಿದ್ದರು. ಬಿಡದಿಯ ಕಡೆ ತಿಂಗಳಿಗೊಂದು ಹೊಸ ಶೆಡ್ ಏಳುತ್ತಿತ್ತು. ನಮ್ಮ ಬೀದಿಯ ಹೆಣ್ಣುಮಕ್ಕಳನ್ನು ಬೆಳಿಗ್ಗೆ ಆರೂವರೆಗೆ ಗಾರ್ಮೆಂಟ್ಸ್ ವ್ಯಾನು ಬಂದು ತುಂಬಿಕೊಂಡು ಹೋಗುತ್ತಿತ್ತು. ಗೆಂಟ್‌ನಲ್ಲಿ ಪ್ರದರ್ಶನ ಏರ್ಪಡಿಸಿದ್ದು ಮುಚ್ಚಿಹೋದ ಒಂದು ಹತ್ತಿ ಗಿರಣಿಯಲ್ಲಿ. ಇಟ್ಟಿಗೆಯ ಗೋಡೆ, ಎತ್ತರದ ಚಿಮಣಿ, ಸಾಲು ಕಿಟಕಿಗಳು. ಯಂತ್ರಗಳನ್ನು ಕಿತ್ತ ಜಾಗದಲ್ಲಿ ನೆಲದ ಮೇಲೆ ಇನ್ನೂ ಗುರುತುಗಳಿದ್ದವು. ಆ ಗುರುತುಗಳ ಮೇಲೆ ಈಗ ಮಗ್ಗದವರು, ಕುಂಬಾರರು, ಬುಟ್ಟಿ ಹೆಣೆಯುವವರು ಕೂತಿದ್ದರು. ನಮ್ಮಲ್ಲಿ ಕೈಕೆಲಸದವರು ಜಾಗ ಬಿಟ್ಟು ಕಾರ್ಖಾನೆಗೆ ಹೋಗುತ್ತಿದ್ದರೆ, ಇಲ್ಲಿ ಕಾರ್ಖಾನೆ ಜಾಗ ಬಿಟ್ಟು ಕೈಕೆಲಸದವರನ್ನು ಕರೆಸಿಕೊಂಡಿತ್ತು. ಇದರಲ್ಲಿ ಯಾವುದು ಒಳ್ಳೆಯದೆಂದು ನನಗೆ ತಿಳಿಯಲಿಲ್ಲ. ಗಿರಣಿಯಲ್ಲಿ ಚಳಿ ಮಾತ್ರ ಬಹಳವಿತ್ತು.

ನಮಗೆ ಬ್ರೆಡ್ ಅಂಗಡಿಯೊಂದರ ಮೇಲೆ ಎರಡು ಕೋಣೆ ಕೊಟ್ಟಿದ್ದರು. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನವೂ ಬ್ರೆಡ್ಡು. ಬಿಸಿ ಊಟ ದಿನಕ್ಕೊಂದೇ ಸಲ. ಹಸಿವಾಗಿದೆಯೋ ಇಲ್ಲವೋ, ಆರು ಗಂಟೆಗೆ ಎಲ್ಲರೂ ಉಣ್ಣುತ್ತಾರೆ. ಮಳೆ ಬಂದರೆ ಯಾರೂ ಓಡುವುದಿಲ್ಲ. ಸೈಕಲ್ಲಿನಲ್ಲಿ ನೆನೆಯುತ್ತಲೇ ಮಾತಾಡಿಕೊಂಡು ಹೋಗುತ್ತಾರೆ. ದಾರಿಯಲ್ಲಿ ಸಿಕ್ಕವರೆಲ್ಲ ನನ್ನನ್ನು ನೋಡಿ ನಗುತ್ತಿದ್ದರು. ಮೂರನೆಯ ದಿನ ಸೀರೆಯ ಮೇಲೆ ತೊಟ್ಟ ಸ್ವೆಟರನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದೆನೆಂದು ಸಂಜೆ ಗೊತ್ತಾಯಿತು. ಆಮೇಲೆ ಸರಿಯಾಗಿ ಹಾಕಿಕೊಂಡೆ. ಆಗಲೂ ನಕ್ಕರು. ಅದು ಅವರ ನಮಸ್ಕಾರ.

ಮರ ಬಂದಿರಲಿಲ್ಲ. ಲೇತ್ ಇತ್ತು, ಆದರೆ ಅದು ಕಬ್ಬಿಣ ಕಡೆಯುವ ಲೇತು. ಅದರ ವೇಗಕ್ಕೆ ನಮ್ಮ ಕೆಲಸ ಆಗುತ್ತಿರಲಿಲ್ಲ. ಸಂಘಟಕರು ಯಾರಿಗೋ ಫೋನ್ ಮಾಡಿದರು. ನಾಲ್ಕು ಗಂಟೆಗೆ ಒಬ್ಬರು ಬರುತ್ತಾರೆಂದರು. ನಾಲ್ಕಕ್ಕೆ ಸರಿಯಾಗಿ ಎತ್ತರದ ಒಬ್ಬ ಮುದುಕರು ಉಪಕರಣಗಳ ಚೀಲ ಹಿಡಿದು ಬಂದರು. ಹೆಸರು ಲುಕ್. ಆ ಊರಿನ ಬೀದಿಗಳಲ್ಲಿ ಹಳಿಯ ಮೇಲೆ ಓಡುವ ಟ್ರಾಮುಗಳ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಅವರ ಇಂಗ್ಲಿಷೂ ನನ್ನದರಷ್ಟೇ ಇತ್ತು, ಹಾಗಾಗಿ ನಮ್ಮಿಬ್ಬರಿಗೆ ಬೇಗ ಅರ್ಥವಾಗುತ್ತಿತ್ತು. ಎರಡು ತಾಸಿನಲ್ಲಿ ಲೇತಿನ ಮೋಟಾರನ್ನೂ ಬೆಲ್ಟಿನ ಪುಲ್ಲಿಯನ್ನೂ ಬದಲಿಸಿದರು. ಮರವಿಲ್ಲವೆಂದು ತಿಳಿದು, ಮರುದಿನ ಮತ್ತೆ ನಾಲ್ಕಕ್ಕೆ ಬಂದು ಅವರ ಕಡೆಯ ಲಿಂಡನ್ ಮರದ ತುಂಡುಗಳನ್ನು ಕೊಟ್ಟರು.

ಚೌಡಣ್ಣ ಆ ಮರವನ್ನು ಉಗುರಿನಿಂದ ಕೆರೆದು ನೋಡಿದರು. ಹಗುರವಿದೆ, ಎಳೆ ಸಣ್ಣಗಿದೆ, ಆದರೆ ನೀರು ಕುಡಿದು ಬೆಳೆದ ಮರ ಎಂದರು. ಅದರಲ್ಲಿ ಮೊದಲು ಕಡೆದದ್ದು ಮುದ್ದೆ ತಿರುವುವ ಕೋಲು. ಆ ದಿನದಿಂದ ನಮ್ಮ ಊಟ ಸರಿಹೋಯಿತು.

ಲುಕ್‌ರ ಗ್ಯಾರೇಜು

ಗಿರಣಿಯಲ್ಲಿ ನಮ್ಮ ಅಂಗಡಿಯ ಮುಂದೆ ಜನ ನಿಲ್ಲುತ್ತಿದ್ದರು, ನೋಡುತ್ತಿದ್ದರು, ಹೋಗುತ್ತಿದ್ದರು. ಲುಕ್ ಮಾತ್ರ ದಿನಾ ಬಂದು ಅರ್ಧ ತಾಸು ನಿಲ್ಲುತ್ತಿದ್ದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದ ಕೂಡಲೇ ಬಣ್ಣ ಹತ್ತುವುದನ್ನು ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಐದನೆಯ ದಿನ ನಮ್ಮಿಬ್ಬರನ್ನೂ ಮನೆಗೆ ಕರೆದರು.

ಅವರ ಹೆಂಡತಿ ರೀಟಾ ಕಾಫಿ ಕೊಟ್ಟರು. ಕಪ್ಪಿಗೆ ಒಂದು ಬಿಸ್ಕತ್ತು. ಎರಡನೆಯ ಕಪ್ ಕಾಫಿ ಕೊಟ್ಟರೆ ಎರಡನೆಯ ಬಿಸ್ಕತ್ತು. ಕಾಫಿ ಬೇಡವೆಂದರೆ ಬಿಸ್ಕತ್ತೂ ಇಲ್ಲ. ಆಮೇಲೆ ಲುಕ್ ಗ್ಯಾರೇಜಿನ ಬಾಗಿಲು ತೆಗೆದರು.

ಅಲ್ಲಿ ಪಿನ್‌ಬಾಲ್ ಯಂತ್ರವಿತ್ತು. ನಾನು ಅದುವರೆಗೆ ಕಂಡಿರಲಿಲ್ಲ, ಓದುವವರಲ್ಲೂ ಕೆಲವರು ಕಂಡಿರಲಾರರು. ಕೇರಂ ಬೋರ್ಡಿಗೆ ನಾಲ್ಕು ಕಾಲು ಕೊಟ್ಟು, ನಿಮ್ಮ ಕಡೆಗೆ ಇಳಿಜಾರಾಗುವಂತೆ ಓರೆಯಾಗಿ ನಿಲ್ಲಿಸಿ, ಮೇಲೆ ಗಾಜು ಮುಚ್ಚಿದಂತಿರುತ್ತದೆ. ಒಳಗೆ ಒಂದು ಉಕ್ಕಿನ ಗುಂಡು. ಅದು ಮೇಲಿನಿಂದ ಅಲ್ಲಲ್ಲಿ ಬಡಿದು, ದೀಪ ಹೊತ್ತಿಸಿ, ಗಂಟೆ ಬಾರಿಸಿ ಕೆಳಗೆ ಬರುತ್ತದೆ. ಕೆಳಗೆ ಬೀಳದಂತೆ ನೀವು ಪಕ್ಕದ ಗುಂಡಿ ಒತ್ತಿ ಎರಡು ಪುಟ್ಟ ರೆಕ್ಕೆಗಳಿಂದ ಅದನ್ನು ಮೇಲಕ್ಕೆ ಹೊಡೆಯುತ್ತಿರಬೇಕು. ಕೊನೆಗೆ ಬಿದ್ದೇ ಬೀಳುತ್ತದೆ. ಇದರಲ್ಲಿ ಗೆಲ್ಲುವುದು ಹೇಗೆ ಎಂದು ಚೌಡಣ್ಣ ಕೇಳಿದರು. ಗೆಲ್ಲುವುದಿಲ್ಲ, ತಡವಾಗಿ ಸೋಲುವುದು ಎಂದರು ಲುಕ್.

ಈ ಯಂತ್ರವನ್ನು ಲುಕ್ ಅಂಗಡಿಯಿಂದ ತಂದಿರಲಿಲ್ಲ. ಆರು ವರ್ಷದಿಂದ ತಾವೇ ಕಟ್ಟುತ್ತಿದ್ದರು. ಹಲಗೆಯ ಮೇಲೆ ಗೆಂಟ್ ಊರಿನ ಟ್ರಾಮ್ ದಾರಿ ಬರೆದಿತ್ತು: ಗಂಟೆ ಗೋಪುರ, ಸೇತುವೆ, ಡಿಪೋ. ನಡುವೆ ಅಂಗೈಯಗಲ ಜಾಗ ಖಾಲಿ. ಅಲ್ಲಿಗೆ ಮೋಟಾರಿನಿಂದ ತಿರುಗುವ ಒಬ್ಬ ಕಂಡಕ್ಟರ್ ಬೇಕು. ಗುಂಡು ಒಂದು ಗುರಿಗೆ ಬಡಿದಾಗ ಅವನು ಅರ್ಧ ಸುತ್ತು ತಿರುಗಬೇಕು. ಅವನ ಚಾಚಿದ ಕೈ ಆಗ ಎಡದ ದಾರಿಯನ್ನು ಮುಚ್ಚಿ ಬಲದ ದಾರಿಯನ್ನು ತೆರೆಯಬೇಕು. ಮತ್ತೆ ಬಡಿದರೆ ಮತ್ತೆ ಅರ್ಧ ಸುತ್ತು. ಪ್ಲಾಸ್ಟಿಕ್ಕಿನದು ಎರಡು ಮಾಡಿಸಿ ಎಸೆದಿದ್ದರಂತೆ. ಪ್ರದರ್ಶನದ ಕೊನೆಯ ಶನಿವಾರ ಅವರ ಡಿಪೋದ ಹಳೆಯ ಸಂಗಾತಿಗಳು ಯಂತ್ರ ನೋಡಲು ಬರುವವರಿದ್ದರು.

ನಾನು ಎಲ್ಲವನ್ನೂ ಹೇಳಿದ ಮೇಲೆ ಚೌಡಣ್ಣ ಒಂದೇ ಪ್ರಶ್ನೆ ಕೇಳಿದರು.

"ಕಂಡಕ್ಟ್ರು ನಮ್ ಬಸ್ಸಿನವ್ನೋ, ಇವ್ರ್ ಬಸ್ಸಿನವ್ನೋ?"

ಲುಕ್ ಹಳೆಯ ಫೋಟೋ ತಂದುಕೊಟ್ಟರು. ನೀಲಿ ಕೋಟು, ಟೋಪಿ, ಹೆಗಲಿಗೆ ಹಳದಿ ಚೀಲ. ಚೌಡಣ್ಣ ಎರಡು ದಿನದಲ್ಲಿ ನಾಲ್ಕು ಬೆರಳೆತ್ತರದ ಕಂಡಕ್ಟರನನ್ನು ಕಡೆದರು. ನೀಲಿ ಬಣ್ಣದ ಹೊಳಪಿನಲ್ಲಿ ಕಿಟಕಿ ಕಾಣುತ್ತಿತ್ತು. ಮೀಸೆ ಫೋಟೋದಲ್ಲಿ ಇರಲಿಲ್ಲ, ಚೌಡಣ್ಣ ಇಟ್ಟರು.

ಮೋಟಾರಿನ ಕೆಲಸಕ್ಕೆ ನಾನೊಬ್ಬಳೇ ಹೋಗುತ್ತಿದ್ದೆ, ಯಾಕೆಂದರೆ ಅಷ್ಟರಲ್ಲಿ ನಮ್ಮ ಆಲೆ ಮರ ಬಂದು ಚೌಡಣ್ಣನಿಗೆ ಅಂಗಡಿ ಬಿಡಲು ಆಗುತ್ತಿರಲಿಲ್ಲ. ಮರಕ್ಕೆ ಹುಳ ಇಲ್ಲವೆಂದು ಮೊಹರು ಹಾಕಿದ ಕಾಗದ ಜೊತೆಗಿತ್ತು. ಅದನ್ನು ಚೌಡಣ್ಣ ಅಂಗಡಿಯ ಮುಂದೆ ಎಲ್ಲರಿಗೂ ಕಾಣುವಂತೆ ಅಂಟಿಸಿದರು.

ಲುಕ್ ಮೊದಲು ಹಾಕಿದ ಮೋಟಾರು ಮಕ್ಕಳ ಕಾರಿನದು. ಕಂಡಕ್ಟರ್ ಬುಗುರಿಯಂತೆ ಸುತ್ತಿ, ಚಾಚಿದ ಕೈಯಿಂದ ಗುಂಡನ್ನು ಗಾಜಿಗೆ ಹೊಡೆದ. ಎರಡನೆಯದು ಹಳೆಯ ಕಾಫಿ ಯಂತ್ರದಿಂದ ಕಿತ್ತ ನಿಧಾನದ ಮೋಟಾರು. ಅದು ಸರಿಹೋಯಿತು, ಆದರೆ ಅರ್ಧ ಸುತ್ತಿಗೆ ನಿಲ್ಲಬೇಕಲ್ಲ? ಮೋಟಾರಿನ ಕಂಬಿಗೆ ಒಂದು ದುಂಡು ಬಿಲ್ಲೆ ಸಿಕ್ಕಿಸಿ, ಅದರ ಅಂಚಿನಲ್ಲಿ ಎದುರುಬದುರು ಎರಡು ಕಚ್ಚು ಮಾಡಬೇಕು. ಪುಟ್ಟ ಸ್ವಿಚ್ಚಿನ ಕಾಲು ಕಚ್ಚಿಗೆ ಬಿದ್ದಾಗ ಕರೆಂಟು ನಿಲ್ಲುತ್ತದೆ. ಲುಕ್ ಪ್ಲಾಸ್ಟಿಕ್ಕಿನಲ್ಲಿ ಕತ್ತರಿಸಿದ ಬಿಲ್ಲೆ ಸೀಳಿತು. ನಾನು ಮರದಲ್ಲಿ ಕಡೆದುಕೊಟ್ಟೆ. ಬಿಲ್ಲೆಗೆ ಕಣ್ಣು ಮೂಗು ಇರಲಿಲ್ಲವಾದ್ದರಿಂದ ಯಾರನ್ನೂ ಕೇಳಬೇಕಿರಲಿಲ್ಲ.

ಮೂರನೆಯ ಮಂಗಳವಾರ

ಆ ದಿನ ನಾಲ್ಕಕ್ಕೆ ಹೋದಾಗ ಲುಕ್ ಬಾಗಿಲಲ್ಲೇ ನಿಂತಿದ್ದರು. ಬೆಳಗಿನಿಂದ ಯಂತ್ರವನ್ನು ಚಾಲೂ ಇಟ್ಟು ಪರೀಕ್ಷಿಸುತ್ತಿದ್ದರಂತೆ. ಮಧ್ಯಾಹ್ನದವರೆಗೆ ಕಂಡಕ್ಟರ್ ಚೆನ್ನಾಗಿ ತಿರುಗಿದ್ದ. ಆಮೇಲೆ ನಿಧಾನವಾದ. ಆಮೇಲೆ ನಿಂತ. ನನಗೆ ತೋರಿಸಲೆಂದು ಮತ್ತೊಮ್ಮೆ ಗುರಿಗೆ ಗುಂಡು ಮುಟ್ಟಿಸಿದರು. ಮೋಟಾರು ಗುರ್ ಎಂದಿತು, ಕಂಡಕ್ಟರ್ ಅಲ್ಲಾಡಲಿಲ್ಲ, ಗ್ಯಾರೇಜಿನ ಫ್ಯೂಸ್ ಹೋಗಿ ದೀಪವೆಲ್ಲ ಆರಿತು. ಮೂರು ವಾರದಲ್ಲಿ ನಾನು ಅಲ್ಲಿ ಕಂಡ ಕರೆಂಟ್ ಕಟ್ ಅದೊಂದೇ, ಅದೂ ನಾವು ಮಾಡಿದ್ದು.

ಕಾರಣ ಕೈಯಿಟ್ಟ ಕೂಡಲೇ ತಿಳಿಯಿತು. ಕಂಡಕ್ಟರನ ಬುಡದ ಕೆಳಗೆ ಹಲಗೆಯಲ್ಲಿ ಎರಡು ಬಲ್ಬುಗಳಿದ್ದವು. ಅವುಗಳ ಕಾವಿಗೆ ಬುಡದ ಅರಗು ಮೆತ್ತಗಾಗಿ ಹಲಗೆಗೆ ಅಂಟಿಕೊಂಡಿತ್ತು. ಕಾವಿಗೆ ಕರಗುತ್ತದೆಂದೇ ಅರಗು ಮರಕ್ಕೆ ಹತ್ತುವುದು, ನಮ್ಮ ಕಸುಬೆಲ್ಲ ಅದರ ಮೇಲೇ ನಿಂತಿದೆ. ಆದರೂ ಚೌಡಣ್ಣನಿಗಾಗಲಿ ನನಗಾಗಲಿ ಅದು ಹೊಳೆದಿರಲಿಲ್ಲ.

ಬುಡವನ್ನು ಅರಗಿರುವಷ್ಟು ಕತ್ತರಿಸಿ, ಬರಿಯ ಮರ ಬರುವಂತೆ ಮಾಡಿದರೆ ಸಾಕೆಂದು ನಾನು ಹೇಳಿದೆ. ಹಿರಿಯರನ್ನು ಕೇಳಬೇಕಲ್ಲವೇ ಎಂದರು ಲುಕ್. ಗಿರಣಿಯಲ್ಲಿ ಫೋನಿತ್ತು. ಟ್ರಾಮಿನಲ್ಲಿ ಹೋದರೂ ಹತ್ತೇ ನಿಮಿಷ. ಕೇಳುವುದು ಬೇಡ, ನಾನು ಮಾಡಬಲ್ಲೆ ಎಂದೆ.

ಚೌಡಣ್ಣ ತಾವು ಮಾಡಿದ ಪ್ರತಿ ಬೊಂಬೆಯ ಬುಡದಲ್ಲೂ ಕೂದಲೆಳೆಯಂಥ ಎರಡು ಗೆರೆ ಕೊರೆಯುತ್ತಾರೆ. ಅದೇ ಅವರ ಸಹಿ. ಗರಗಸ ಇಡುವಾಗ ಆ ಗೆರೆಗಳು ನನಗೆ ಕಂಡವು. ಅವುಗಳ ಮೇಲೆ ಇಟ್ಟೆ. ಅರ್ಧ ಬೆರಳಿನಷ್ಟು ಕತ್ತರಿಸಿದೆ. ಬೊಂಬೆ ಕುಳ್ಳಗಾಗಿ ಚಾಚಿದ ಕೈ ಹಲಗೆಗೆ ತಾಗತೊಡಗಿತು. ಕೈಯ ಅಡಿಯನ್ನೂ ಹೆರೆದೆ. ಮತ್ತೆ ಜೋಡಿಸಿದಾಗ ಕಂಡಕ್ಟರ್ ಸಲೀಸಾಗಿ ತಿರುಗಿದ. ಲುಕ್ ನನ್ನ ಕೈ ಕುಲುಕಿದರು. ಕತ್ತರಿಸಿದ ಚೂರನ್ನು ನಾನು ಕಸದ ಡಬ್ಬಿಗೆ ಹಾಕಿದೆ.

ಬುಧವಾರ ಹೇಳೋಣವೆಂದುಕೊಂಡೆ. ಗುರುವಾರ ಚೌಡಣ್ಣನಿಗೆ ಶೀತವಾಗಿತ್ತು. ಶುಕ್ರವಾರ ಅವರೇ ಮುದ್ದೆ ತಿರುವಿ ಬಡಿಸಿದರು. ತಿಂದೆ, ಹೇಳಲಿಲ್ಲ.

ಶನಿವಾರ

ಲುಕ್‌ರ ಸಂಗಾತಿಗಳು ಎಂಟು ಜನ ಬಂದಿದ್ದರು. ಎಲ್ಲರಿಗೂ ವಯಸ್ಸಾಗಿತ್ತು. ಚೀಸ್ ತುಂಡುಗಳನ್ನು ಸಾಸಿವೆಯಲ್ಲಿ ಅದ್ದಿ ತಿನ್ನುತ್ತಾ, ಬಿಯರ್ ಕುಡಿಯುತ್ತಾ, ಸರದಿಯಲ್ಲಿ ಆಡಿದರು. ಮಾತಾಡುವಾಗ ಕೈ ಕೂಡ ಆಡಿಸದ ಜನ, ಆಡುವಾಗ ಸೊಂಟವನ್ನೆಲ್ಲ ತಿರುಗಿಸಿ ಯಂತ್ರವನ್ನು ದೂಡುತ್ತಿದ್ದರು. ಕಂಡಕ್ಟರ್ ಮೊದಲ ಸಲ ತಿರುಗಿದಾಗ ಒಬ್ಬರು ಟೋಪಿ ತೆಗೆದರು. ಇವನು ನಮ್ಮ ಇಂಥವನ ಹಾಗೇ ಇದ್ದಾನೆಂದು ಯಾರದೋ ಹೆಸರು ಹೇಳಿ ಎಲ್ಲರೂ ನಕ್ಕರು.

ಚೌಡಣ್ಣ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಗುಂಡು ಬೊಂಬೆಗೆ ಬಡಿದಾಗಲೆಲ್ಲ ಅವರ ಭುಜ ಸ್ವಲ್ಪ ಎದ್ದು ಇಳಿಯುತ್ತಿತ್ತು. ಆಟ ಮುಗಿದು ಎಲ್ಲರೂ ರೀಟಾ ಅವರ ಕಾಫಿಗೆ ಒಳಗೆ ಹೋದ ಮೇಲೆ ಅವರು ಯಂತ್ರದ ಬಳಿ ಹೋಗಿ, ಗಾಜಿಗೆ ಹಣೆ ತಾಗುವಷ್ಟು ಬಗ್ಗಿದರು.

"ಕುಳ್ಳ ಆಗವ್ನಲ್ಲ ಇವ್ನು," ಎಂದರು. ಬುಡದ ಕಡೆ ಬೆರಳು ತೋರಿಸಿ, "ಯಾರು ಕುಯ್ದೋರು?"

"ನಾನೇ ಕಣಣ್ಣ."

ಅವರು ಒಳಗೆ ಹೋಗಿ ಕಾಫಿ ಕುಡಿದರು. ಎಲ್ಲರಿಗೂ ಕೈ ಮುಗಿದರು. ಟ್ರಾಮಿನಲ್ಲಿ ನನ್ನ ಎದುರಿಗೆ ಕೂತರು. ಅರಗು ಕರಗಿದ್ದು, ಫ್ಯೂಸ್ ಹೋದದ್ದು, ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡರು.

"ಕುಯ್ದಿದ್ದು ಸರಿ. ಕುಯ್ಲೇಬೇಕಿತ್ತು. ಒಂದ್ ಮಾತು ಕೇಳ್ಬೇಕಿತ್ತು ಕಣವ್ವ. ಬ್ಯಾಡ ಅಂತಿದ್ನಾ ನಾನು?"

ಹೆದರಿಕೆಯಾಯಿತು, ಮರೆತೆ, ಹೊತ್ತಾಗಿತ್ತು ಎಂದು ಹೇಳಲು ನಾಲ್ಕು ದಿನದಿಂದ ಮಾತು ಹೊಂದಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಬ್ಯಾಡ ಅಂತಿರ್ಲಿಲ್ಲ. ಕೇಳಿದ್ರೆ ನೀವೇ ಬಂದು ಮಾಡ್ಬುಡ್ತಿದ್ರಿ. ನಂಗೆ ನಾನೇ ಮಾಡ್ಬೇಕು ಅನ್ನುಸ್ತು."

ಹೇಳಿದ ಮೇಲೆ ಅದು ನಿಜವೆಂದು ನನಗೂ ತಿಳಿಯಿತು. ಟ್ರಾಮ್ ನಾಲ್ಕು ಕಡೆ ನಿಂತು ಹೊರಟಿತು. ಚೌಡಣ್ಣ ಕಿಟಕಿಯಾಚೆ ನೋಡುತ್ತಿದ್ದರು. ಇಳಿಯುವ ಜಾಗ ದಾಟಿಹೋದದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಮಳೆಯಲ್ಲಿ ವಾಪಸ್ ನಡೆದೆವು. ನಾವೂ ಓಡಲಿಲ್ಲ.

ಕೊನೆಯ ಮೂರು ದಿನ

ಭಾನುವಾರ ಪ್ರದರ್ಶನ ಮುಗಿಯಿತು. ಸೋಮವಾರ ಬೆಳಿಗ್ಗೆ, ಲೇತನ್ನು ಒಯ್ಯಲು ಬರುವವರು ಇನ್ನೂ ಬಂದಿರಲಿಲ್ಲ. ಚೌಡಣ್ಣ ಲಿಂಡನ್ ಮರದ ಉಳಿದ ತುಂಡುಗಳನ್ನು ನನ್ನ ಮುಂದೆ ಇಟ್ಟು, ಫೋಟೋವನ್ನು ಗೋಡೆಗೆ ಸಿಕ್ಕಿಸಿದರು.

"ಆ ಕುಳ್ಳನ್ನ ಅಲ್ಲಿ ಬುಟ್ಟು ಓಗಾಕಾಯ್ತದಾ? ನೀನ್ ಕುಯ್ದಿದ್ದು, ನೀನೇ ಮಾಡು. ಮಕನೂವೆ ನೀನೇ ಬರಿ."

ತಾವು ಸ್ಟೂಲಿನ ಮೇಲೆ ಕೈಕಟ್ಟಿ ಕೂತರು. ಹತ್ತು ವರ್ಷದಲ್ಲಿ ಅವರು ಲೇತಿನ ಪಕ್ಕ ಸುಮ್ಮನೆ ಕೂತದ್ದನ್ನು ನಾನು ನೋಡಿರಲಿಲ್ಲ. ಮೊದಲನೆಯದರ ಕುತ್ತಿಗೆ ತುಂಡಾಯಿತು. ಎರಡನೆಯದರ ಟೋಪಿ ತಲೆಗಿಂತ ದೊಡ್ಡದಾಯಿತು. ಎರಡು ಸಲವೂ ಅವರ ಕೈ ಮುಂದೆ ಬಂದು ಮತ್ತೆ ಕಂಕುಳಿಗೆ ಹೋಯಿತು. ಮೂರನೆಯದು ನಿಂತಿತು. ಬುಡಕ್ಕೆ ಅರಗು ಹಾಕದೆ, ಬರಿಯ ಮರವನ್ನು ತಾಳೆಗರಿಯಲ್ಲಿ ಉಜ್ಜಿದೆ. ಮೇಲೆ ಮಾತ್ರ ನೀಲಿ. ಕಣ್ಣು ಬರೆಯುವಾಗ ಉಸಿರು ಹಿಡಿದಿದ್ದೆ. ಎಡಗಣ್ಣು ಸ್ವಲ್ಪ ಮೇಲೆ ಹೋಯಿತು. ಹಾಗಾಗಿ ನನ್ನ ಕಂಡಕ್ಟರ್ ಚಿಲ್ಲರೆ ಇಲ್ಲವೆಂದ ಪ್ರಯಾಣಿಕನನ್ನು ನೋಡುವಂತೆ ನೋಡುತ್ತಾನೆ. ಬೊಂಬೆಯನ್ನು ಬೆಳಕಿಗೆ ಹಿಡಿದು ಚೌಡಣ್ಣ ಬಹಳ ಹೊತ್ತು ತಿರುಗಿಸಿದರು. ಟೋಪಿಯ ಅಂಚು ಒಸಿ ದಪ್ಪವಾಯ್ತು ಎಂದರು.

ಮಂಗಳವಾರ ನಾಲ್ಕಕ್ಕೆ ಇಬ್ಬರೂ ಲುಕ್‌ರ ಮನೆಗೆ ಹೋದೆವು. ಹಳೆಯ ಕಂಡಕ್ಟರನನ್ನು ಕಳಚಿ ಹೊಸಬನನ್ನು ಕೂರಿಸಿದರು. ಒಂದು ತಾಸು ಬಲ್ಬು ಉರಿಸಿ ಕಾದೆವು. ಅಷ್ಟರಲ್ಲಿ ಎರಡು ಕಪ್ ಕಾಫಿ, ಎರಡು ಬಿಸ್ಕತ್ತು ಆಯಿತು. ಬುಡ ಬೆಚ್ಚಗಿತ್ತು, ಅಂಟಿರಲಿಲ್ಲ. ಲುಕ್ ಚೌಡಣ್ಣನನ್ನು ಆಡಲು ಕರೆದರು. ಅವರ ಗುಂಡು ಎಲ್ಲೂ ಬಡಿಯದೆ ನೇರ ಕೆಳಗೆ ಬಿತ್ತು. ಎರಡನೆಯದು ಕಂಡಕ್ಟರನನ್ನು ಒಂದು ಸಲ ತಿರುಗಿಸಿತು. ಸಾಕೆಂದು ಕೈ ತೆಗೆದರು.

ಆಮೇಲೆ ಲುಕ್ ಗಾಜು ತೆಗೆದು, ಆಟದ ಹಲಗೆಯನ್ನು ಮೇಲಕ್ಕೆತ್ತಿ ನಿಲ್ಲಿಸಿದರು. ಹಲಗೆಯ ಅಡಿಯಲ್ಲಿ ವೈರುಗಳ ನಡುವೆ ಪೆನ್ಸಿಲಿನಲ್ಲಿ ಹೆಸರುಗಳಿದ್ದವು. ಪೆಟ್ಟಿಗೆ ಮಾಡಿಕೊಟ್ಟ ಬಡಗಿ, ಚಿತ್ರ ಬರೆದ ಸೊಸೆ, ಗಂಟೆ ಕೊಟ್ಟ ಸಂಗಾತಿ. ಕಂಡಕ್ಟರನ ಮೋಟಾರಿನ ಪಕ್ಕ ಪೆನ್ಸಿಲ್ ಇಟ್ಟು, ಇದನ್ನು ಮಾಡಿದವರು ಯಾರೆಂದು ಬರೆಯಲಿ ಎಂದು ನನ್ನನ್ನು ಕೇಳಿದರು. ಚನ್ನಪಟ್ಟಣದ ಚೌಡಪ್ಪನವರು ಎಂದೆ. ಹತ್ತು ವರ್ಷದಿಂದ ಯಾರು ಕೇಳಿದರೂ ನಾನು ಹೇಳುತ್ತಿದ್ದುದು ಅದನ್ನೇ. ಲುಕ್ ಮೊದಲ ಅಕ್ಷರ ಬರೆದರು.

"ನನ್ನೆಸ್ರು ಯಾಕ್ ಬಂತಲ್ಲಿ?" ಎಂದರು ಚೌಡಣ್ಣ. "ಏನಂತೆ ಅವ್ರು ಕೇಳಿದ್ದು?"

"ಯಾರು ಮಾಡಿದ್ದು ಅಂತ, ಅಣ್ಣ."

ಅವರು ಲುಕ್‌ರ ಕೈಯಿಂದ ಪೆನ್ಸಿಲನ್ನು ಮೆಲ್ಲಗೆ ತೆಗೆದುಕೊಂಡು ನನಗೆ ಕೊಟ್ಟರು.

"ಅಳಿಸ್ಬುಟ್ಟು ನಿನ್ನೆಸ್ರು ಬರಿ."

ಲುಕ್ ನಮ್ಮಿಬ್ಬರ ಮುಖ ನೋಡಿ, ರಬ್ಬರು ತಂದು ತಾವು ಬರೆದ ಅಕ್ಷರವನ್ನು ಉಜ್ಜಿದರು. ನಾನು ಹಲಗೆಯ ಅಡಿಗೆ ತಲೆ ಹಾಕಿ, ಮೋಟಾರಿನ ಪಕ್ಕದಲ್ಲಿ ಕನ್ನಡದಲ್ಲಿ ಸುನಂದ, ಹೊಂಗನೂರು ಎಂದು ಬರೆದೆ. ಚೌಡಣ್ಣ ಕನ್ನಡಕ ಹಾಕಿಕೊಂಡು ಬಗ್ಗಿ, ತುಟಿಯಾಡಿಸುತ್ತಾ ಒಂದೊಂದೇ ಅಕ್ಷರ ಓದಿದರು. ಓದಿ ಮುಗಿಸಿ ಪಕ್ಕಕ್ಕೆ ಸರಿದರು. ಲುಕ್ ಹಲಗೆಯನ್ನು ಇಳಿಸಿ ಗಾಜು ಮುಚ್ಚಿದರು.